ಹಿಂದಿನ ಎಡ ಚಕ್ರದ ಕೆಂಪು

"ಬ್ರಷ್ ಕೆಳಗಿಡಿ ಮೇಷ್ಟ್ರೇ" ಎಂದೆ.

ಅವರು ಇಡಲಿಲ್ಲ. ಠಾಣೆಯ ಹಿಂದಿನ ಶೆಡ್ಡಿನಲ್ಲಿ, ನಾಲ್ಕೂ ಚಕ್ರ ಕಳಚಿ ಮರದ ದಿಮ್ಮಿಗಳ ಮೇಲೆ ನಿಲ್ಲಿಸಿದ್ದ ನಜ್ಜುಗುಜ್ಜಾದ ಕಾರಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತಿದ್ದರು. ನಾಲಿಗೆಯ ತುದಿ ಹೊರಗೆ ಹಾಕಿಕೊಂಡು, ಕೆಂಪು ಬಣ್ಣದ ಕೊನೆಯ ಎಳೆಯನ್ನು ಮೆಲ್ಲಗೆ ಎಳೆದು ಮುಗಿಸಿದರು. ತಲೆ ಓರೆ ಮಾಡಿ ನೋಡಿ, ಸಮಾಧಾನವಾದ ಮೇಲೆಯೇ ಬ್ರಷ್ಷನ್ನು ಡಬ್ಬಿಯ ಮೇಲೆ ಅಡ್ಡ ಇಟ್ಟರು.

"ಆಯ್ತು ಮೇಡಂ. ಇಲ್ಲೊಂಚೂರು ಸಿಪ್ಪೆ ಎದ್ದಿತ್ತು. ಕೆರೆದು, ಒರೆಸಿ, ಮತ್ತೆ ಹಚ್ಚಿದೆ. ಹಾಗೇ ಬಿಟ್ಟು ಹೋಗೋಕೆ ಮನಸ್ಸಾಗಲಿಲ್ಲ."

ನಾಲಿಗೆಗೆ ಬಂದ ಒಂದೆರಡು ಮಾತು ಸಮವಸ್ತ್ರ ಹಾಕಿಕೊಂಡು ಆಡುವಂಥವಾಗಿರಲಿಲ್ಲ.

ಸೋಮವಾರ ಬೆಳಿಗ್ಗೆ ಇಳಿಜಾರಿನಲ್ಲಿ ಬ್ರೇಕ್ ಸಿಗದೆ ನೀರಿನ ಟ್ಯಾಂಕಿನ ಗೋಡೆಗೆ ನುಗ್ಗಿದ ಕಾರು ಇದು. ಓಡಿಸುತ್ತಿದ್ದ ಹಲ್ಲಿನ ಡಾಕ್ಟರು ಇನ್ನೂ ಪ್ರಜ್ಞೆಯಿಲ್ಲದೆ ಆಸ್ಪತ್ರೆಯಲ್ಲಿದ್ದರು. ಅದಕ್ಕೆ ಮೊದಲು ಮನೆಯಲ್ಲೇ ಕೂತು ಅದರ ಬ್ರೇಕಿಗೆ ಬಣ್ಣ ಬಳಿದಿದ್ದವರು ಡಾಕ್ಟರ ಹೆಂಡತಿಯ ತಮ್ಮ, ಶಾಲೆಯೊಂದರ ಈ ಡ್ರಾಯಿಂಗ್ ಮೇಷ್ಟ್ರು. ಕೊಲೆಯತ್ನದ ಕೇಸಿನಲ್ಲಿ ನನಗಿದ್ದ ಒಬ್ಬನೇ ಆರೋಪಿ ನನಗಿದ್ದ ಒಂದೇ ಸಾಕ್ಷ್ಯಕ್ಕೆ ಬಣ್ಣ ಬಳಿದು ಕೂತಿದ್ದ. ಆ ಸಾಕ್ಷ್ಯವಾದರೂ ಯಾರನ್ನು ಉಳಿಸುವಂಥದ್ದು? ಅವನನ್ನೇ.

"ನಿಮ್ಮನ್ನ ಒಳಗೆ ಬಿಟ್ಟೋರ್ಯಾರು?"

ಶೆಡ್ಡಿನ ಕಾವಲಿಗಿದ್ದ ಪೇದೆ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದ. "ನಾನೇ ಮೇಡಂ. ಇವರು ನಂಗೆ ಮೇಷ್ಟ್ರಾಗಿದ್ರು. ಬರೀ ನೋಡ್ತೀನಿ ಅಂದ್ರು."

"ನೋಡ್ತೀನಿ ಅಂದೋರ ಕೈಯಲ್ಲಿ ಬಣ್ಣದ ಡಬ್ಬಿ ಯಾಕಿತ್ತು ಅಂತ ಕೇಳಬೇಕು ಅನ್ನಿಸಲಿಲ್ಲವಾ?"

"ಮೇಷ್ಟ್ರನ್ನ ಹೇಗೆ ಕೇಳೋದು ಮೇಡಂ."

"ಡಬ್ಬಿ, ಬ್ರಷ್ಷು, ಎಲ್ಲಾ ತಗೊಂಡು ಬನ್ನಿ ಅಂತ ನೀವೇ ಹೇಳಿ ಕಳಿಸಿದ್ರಲ್ಲ" ಎಂದು ಮೇಷ್ಟ್ರು ಮಧ್ಯೆ ಬಾಯಿ ಹಾಕಿದರು. ಅದೂ ನಿಜವೇ ಆಗಿತ್ತು, ನನ್ನ ಕರ್ಮ.

ಕಳೆದುಕೊಂಡದ್ದೇನು ಎಂದು ಹೇಳಿದರೆ ನನ್ನ ಸಂಕಟ ಅರ್ಥವಾದೀತು. ಚಕ್ರದ ಹಿಂದಿರುವ ತಟ್ಟೆಯನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿಯುವ ಕಬ್ಬಿಣದ ದವಡೆಯೇ ಕ್ಯಾಲಿಪರ್. ಅದಕ್ಕೆ ಕೆಂಪು ಬಳಿದರೆ ಚಕ್ರದ ಸಂದಿಯಿಂದ ಇಣುಕಿ ಸೊಗಸಾಗಿ ಕಾಣುತ್ತದಂತೆ. ಇಣುಕಿ ಯಾರಿಗೆ ಏನಾಗಬೇಕೋ ನನಗಂತೂ ತಿಳಿಯದು. ಕ್ಯಾಲಿಪರಿನ ಒಳಮಗ್ಗುಲಲ್ಲಿ ಕಿರುಬೆರಳಿನ ತುದಿಯಷ್ಟು ನಿಪ್ಪಲ್ ಇರುತ್ತದೆ, ಬ್ರೇಕ್ ಎಣ್ಣೆಯಲ್ಲಿ ಸೇರಿಕೊಂಡ ಗಾಳಿಯನ್ನು ಹೊರಗೆ ಬಿಡುವುದಕ್ಕೆ. ಅದನ್ನು ತಿರುಗಿಸಿ ಸಡಿಲ ಮಾಡಿದರೆ ಎಣ್ಣೆ ಸೋರುತ್ತದೆ. ಎಣ್ಣೆ ಹೋದರೆ ಬ್ರೇಕೂ ಹೋಯಿತು. ಈ ಕಾರಿನ ಹಿಂದಿನ ಎಡ ಚಕ್ರದಲ್ಲಿ ಅದು ಸಡಿಲವಾಗಿತ್ತು.

ಬಣ್ಣ ಬಳಿಯುವವರು ನಿಪ್ಪಲ್ಲಿಗೆ ಟೇಪು ಸುತ್ತಿ ಅದನ್ನು ಹಾಗೇ ಬಿಡುತ್ತಾರೆ. ಲೋಕದಲ್ಲಿ ಎಲ್ಲರೂ ಮಾಡುವುದು ಅಷ್ಟೇ. ನಮ್ಮ ಮೇಷ್ಟ್ರು ಮಾತ್ರ ಅದನ್ನೂ ಬಿಡದೆ, ಬುಡದ ಸುತ್ತ, ಮೂಲೆಮೂಲೆಗೂ, ಸಣ್ಣ ಬ್ರಷ್ಷಿನಲ್ಲಿ ತೀಡಿದ್ದರು. ಮೂರು ಚಕ್ರಗಳಲ್ಲಿ ಆ ಬಣ್ಣದ ಪೊರೆ ಒಂದಿಷ್ಟೂ ಬಿರುಕಿಲ್ಲದೆ ಕೂತಿತ್ತು. ನಾಲ್ಕನೆಯದರಲ್ಲಿ ಬುಡದ ಸುತ್ತ ಪೊರೆ ಹರಿದಿತ್ತು. ಅಂದರೆ ಬಣ್ಣ ಒಣಗಿದ ಮೇಲೆ ಯಾರೋ ಅದನ್ನು ತಿರುಗಿಸಿದ್ದಾರೆ. ಬಣ್ಣ ಬಳಿಯುವಾಗ ಮೇಷ್ಟ್ರು ಅಜಾಗರೂಕತೆಯಿಂದ ಸಡಿಲ ಮಾಡಿದರು ಎಂಬ ವಾದ ಅಲ್ಲಿಗೇ ಬಿದ್ದುಹೋಗುತ್ತಿತ್ತು.

ಬೆಳಿಗ್ಗೆ ನಾನೇ ಕಾರಿನಡಿ ಅಂಗಾತ ಮಲಗಿ, ಟಾರ್ಚ್ ಬಿಟ್ಟು ಅದನ್ನು ಕಂಡುಹಿಡಿದಿದ್ದೆ. ಸೊಂಟ ಇನ್ನೂ ನೋಯುತ್ತಿತ್ತು. ಫೋಟೋ ತೆಗೆಯುವವನು ಊಟ ಮುಗಿಸಿ ಬರುತ್ತೇನೆ ಎಂದಿದ್ದ. ಅವನು ಊಟ ಮುಗಿಸುವಷ್ಟರಲ್ಲಿ ಇವರು ನನ್ನ ಕೇಸನ್ನೇ ಮುಗಿಸಿದ್ದರು.

"ಎದ್ದೇಳಿ" ಎಂದೆ. "ಮುಟ್ಟಬೇಡಿ. ಏನನ್ನೂ ಮುಟ್ಟಬೇಡಿ. ನಿಮ್ಮ ಎರಡೂ ಕೈ ಜೇಬಲ್ಲಿ ಇಟ್ಕೊಳ್ಳಿ."

"ಕೈಯೆಲ್ಲಾ ಬಣ್ಣ ಮೇಡಂ. ಜೇಬು ಹಾಳಾಗುತ್ತೆ."

ನಾನು ಅವರ ಮುಖವನ್ನೇ ನೋಡಿದೆ. ಜೈಲಿನ ಬಾಗಿಲ ತನಕ ಬಂದು ನಿಂತ ಮನುಷ್ಯ ಜೇಬಿನ ಚಿಂತೆ ಮಾಡುತ್ತಿದ್ದ.

ಹೊರಗಿನ ಬೆಂಚಿನ ಮೇಲೆ ಅವರ ಅಕ್ಕ ಕೂತಿದ್ದರು, ಡಾಕ್ಟರ ಹೆಂಡತಿ. ಲೈಬ್ರರಿಯೊಂದರಲ್ಲಿ ಕೆಲಸ. ಅರ್ಧ ದಿನ ಆಸ್ಪತ್ರೆಯ ಬೆಂಚು, ಅರ್ಧ ದಿನ ನಮ್ಮ ಬೆಂಚು ಎಂದು ಓಡಾಡುತ್ತಿದ್ದರೂ ಸೀರೆಯ ನೆರಿಗೆ ಕದಲಿರಲಿಲ್ಲ.

"ಊಟ ಮಾಡ್ದೇನೋ?" ಎಂದು ತಮ್ಮನನ್ನು ಕೇಳಿದರು. ಅವರು ಇಲ್ಲವೆಂದು ತಲೆಯಾಡಿಸಿದರು. "ಮೇಡಂ, ಇವನು ಇರುವೆ ತುಳಿಯೋಕೂ ಹೆದರೋನು. ನೀವೇ ಏನಾದ್ರೂ ಮಾಡಿ."

"ಅದನ್ನೇ ಮಾಡ್ತಾ ಇದ್ದೆನಮ್ಮ. ಇವರು ಬಿಡಬೇಕಲ್ಲ" ಎಂದು ಮೇಷ್ಟ್ರನ್ನು ಕರೆದುಕೊಂಡು ನನ್ನ ಕೋಣೆಗೆ ನಡೆದೆ.

ಕೋಣೆಯಲ್ಲಿ ನನ್ನ ಸಹಾಯಕ ಫೋನಿನ ಬಾಯಿ ಮುಚ್ಚಿ ಹಿಡಿದು ಕಾಯುತ್ತಿದ್ದ. ಯಾವ ವಿಷಯವಾದರೂ ಸರಿ, ಕೇಳದೆಯೇ ಅಭಿಪ್ರಾಯ ಕೊಡುವ ಗುಣವಿರುವುದರಿಂದ ಠಾಣೆಯಲ್ಲಿ ಅವನಿಗೆ ಪಂಡಿತ ಎಂದೇ ಹೆಸರು. "ಸಾಹೇಬರು" ಎಂದು ತುಟಿಯಲ್ಲೇ ಹೇಳಿದ.

ಸಾಹೇಬರು ಮೂರು ದಿನದಿಂದ ಕೈತೊಳೆದುಕೊಂಡು ನನ್ನ ಹಿಂದೆ ಬಿದ್ದಿದ್ದರು. "ಚಕ್ರ ಬಿಚ್ಚಿದೋನು ಅವನು, ಬಣ್ಣ ಹಚ್ಚಿದೋನು ಅವನು. ಮನೇಲಿ ಕೊಟ್ಟಿದ್ದ ರೂಮು ಖಾಲಿ ಮಾಡು ಅಂದಿದ್ದಕ್ಕೆ ಭಾವನ ಜೊತೆ ಬೀದಿಗೆ ಕೇಳೋ ಹಾಗೆ ಜಗಳ ಆಡಿದೋನೂ ಅವನೇ. ಇನ್ನೇನು ಬೇಕು ನಿಮಗೆ?"

"ಸಾರ್, ಬಣ್ಣ ಒಣಗಿದ ಮೇಲೆ ಬೇರೆ ಯಾರೋ..."

"ಫೋಟೋ ಇದೆಯಾ?"

"ಇಲ್ಲ ಸಾರ್."

"ಸಾಯಂಕಾಲದೊಳಗೆ ಅರೆಸ್ಟ್ ಮಾಡಿ. ಇಲ್ಲಾಂದ್ರೆ ನಾನೇ ಬಂದು ಮಾಡ್ತೀನಿ." ಫೋನು ಇಟ್ಟರು.

ಪಂಡಿತ ಅರೆಸ್ಟಿನ ಕಾಗದವನ್ನು ಆಗಲೇ ಮೇಜಿನ ಮೇಲೆ ಹರವಿಕೊಂಡಿದ್ದ. ಪೆನ್ನಿನ ಮುಚ್ಚಳ ತೆಗೆದು, "ನಂಗೆ ಮೊದಲೇ ಅನ್ನಿಸಿತ್ತು ಮೇಡಂ" ಎಂದ.

"ನಿಂಗೇನು ಅನ್ನಿಸಿತ್ತು?"

"ಏನಾದ್ರೂ ಆಗುತ್ತೆ ಅಂತ."

ಅವನನ್ನು ಬಿಟ್ಟು ಮೇಷ್ಟ್ರ ಎದುರು ಕುರ್ಚಿ ಎಳೆದುಕೊಂಡು ಕೂತೆ. ಇನ್ನು ಇವರ ಬಾಯಿಂದ ಏನಾದರೂ ಬಂದರೆ ಉಂಟು, ಇಲ್ಲದಿದ್ದರೆ ಒಬ್ಬ ನಿರಪರಾಧಿಯನ್ನು ನನ್ನ ಕೈಯಾರೆ ಒಳಗೆ ಹಾಕಬೇಕಾಗಿತ್ತು.

"ಮೊದಲಿಂದ ಹೇಳಿ. ಯಾರು ಹಚ್ಚು ಅಂದ್ರು?"

"ಯಾರೂ ಅನ್ನಲಿಲ್ಲ. ಭಾವಂಗೆ ನನ್ನ ಕಂಡ್ರೆ ಆಗ್ತಿರಲಿಲ್ಲ. ಒಂದ್ಸಲ ಪಕ್ಕದ ರಸ್ತೆಯಲ್ಲಿ ಯಾರದೋ ಕಾರಲ್ಲಿ ಇಂಥದ್ದು ನೋಡಿ, ಎಷ್ಟು ಚೆನ್ನಾಗಿದೆ ಅಂದಿದ್ರು. ಹಚ್ಚಿಕೊಟ್ರೆ ಖುಷಿಯಾಗಬಹುದು, ರೂಮು ಬಿಡು ಅನ್ನೋದನ್ನ ಬಿಡಬಹುದು ಅಂದ್ಕೊಂಡೆ. ಶನಿವಾರ ಇಡೀ ದಿನ ಕೂತೆ. ತಂತಿ ಬ್ರಷ್ಷಲ್ಲಿ ಉಜ್ಜಿ, ತೊಳೆದು, ಮರಳು ಕಾಗದ ಹಾಕಿ, ತಟ್ಟೆಗೆಲ್ಲಾ ಪೇಪರ್ ಕಟ್ಟಿ, ಎರಡು ಕೈ ಹಚ್ಚಿದೆ."

"ಖುಷಿಯಾದ್ರಾ?"

"ಹೂಂ ಅಂದ್ರು." ಆ ಒಂದು ಹೂಂ ಅವರಿಗೆ ಸಾಕಾಗಿತ್ತೆಂದು ಮುಖದಲ್ಲೇ ಕಾಣುತ್ತಿತ್ತು. "ಭಾನುವಾರ ಎಲ್ರೂ ಅದೇ ಕಾರಲ್ಲಿ ಊರೆಲ್ಲಾ ಸುತ್ತಿದ್ವಿ. ಬ್ರೇಕಿಗೆ ಏನೂ ಆಗಿರಲಿಲ್ಲ. ಬಣ್ಣದ್ದೇ ತಾಪತ್ರಯ. ಆ ಅಂಗಡಿಯವನು ಮೋಸ ಮಾಡಿದ ಮೇಡಂ. ಒಂದೇ ಕಡೆ ಗುಳ್ಳೆಗುಳ್ಳೆ ಎದ್ದು ಸುಲಿದುಹೋಯ್ತು. ಬಿಸಿ ತಡೆಯೋ ಬಣ್ಣ ಅಂತ ಡಬ್ಬಿ ಮೇಲೆ ಬರೆದಿದೆ, ನೀವೇ ಓದಿ."

"ಇವತ್ತು ಶೆಡ್ಡಲ್ಲಿ ನೋಡಿದ್ದಾ?"

"ಇವತ್ತೂ ಎದ್ದಿತ್ತು. ಮೊದಲು ಎದ್ದಿದ್ದು ಸೋಮವಾರ ಬೆಳಿಗ್ಗೆ. ಆಗಲೂ ಕೆರೆದು ಹಚ್ಚಿದ್ದೆ."

ನಾನು ಕುರ್ಚಿಯ ತುದಿಗೆ ಬಂದೆ. "ಸೋಮವಾರ ಬೆಳಿಗ್ಗೆ ಅಂದ್ರೆ, ನಿಮ್ಮ ಭಾವ ಕಾರು ತೆಗೆಯೋಕೆ ಮುಂಚೆ?"

"ಹೌದು. ಹಚ್ಚಿ, ಚಕ್ರ ಹಾಕಿ, ನೆಟ್ಟಗೆ ಅಂಗಡಿಗೆ ಹೋದೆ, ಜಗಳ ಆಡೋಕೆ."

"ಇದನ್ನ ಮೂರು ದಿನದಿಂದ ಯಾಕೆ ಹೇಳಲಿಲ್ಲ?"

"ನೀವು ಬ್ರೇಕಿನ ವಿಷಯ ಕೇಳ್ತಿದ್ರಿ. ಇದು ಬಣ್ಣದ ವಿಷಯ."

ತಲೆ ಚಚ್ಚಿಕೊಳ್ಳಬೇಕೆನ್ನಿಸಿತು. ನನ್ನದೋ, ಅವರದೋ ಎಂಬುದರಲ್ಲಿ ಮಾತ್ರ ಅನುಮಾನವಿತ್ತು.

ಪಂಡಿತನಿಗೆ ಸನ್ನೆ ಮಾಡಿದೆ. ಅವನು ಡಬ್ಬಿಯ ಮೇಲಿದ್ದ ಅಂಗಡಿಯ ನಂಬರಿಗೆ ಫೋನು ಹಚ್ಚಿ ಮೇಜಿನ ಮೇಲಿಟ್ಟ. ಯಾರು, ಯಾಕೆ ಎಂದು ಹೇಳಿ ಮುಗಿಸುವುದರೊಳಗೆ ಆ ಕಡೆಯ ದನಿ ಏರಿತು.

"ಆ ಮೇಷ್ಟ್ರಾ? ಅವರ ಹೆಸರೆತ್ತಬೇಡಿ ನೀವು. ಸೋಮವಾರ ಅಂಗಡಿ ಬಾಗಿಲು ತೆಗೆಯೋಕೆ ಬಿಡಲಿಲ್ಲ, ಗಿರಾಕಿಗಳ ಮುಂದೆ ನನ್ನ ಮಾನ ಕಳೆದ್ರು. ಮೂರು ಚಕ್ರಕ್ಕೆ ಅದೇ ಬಣ್ಣ ಗಟ್ಟಿಯಾಗಿ ಕೂತಿದೆ ಅಂತ ಅವರೇ ಹೇಳ್ತಾರೆ. ನಾಲ್ಕನೇದರಲ್ಲಿ ಎದ್ರೆ ಅದು ನನ್ನ ತಪ್ಪಾ? ಇಲ್ಲಿ ಕೂಗಾಡ್ತಿದ್ದಾಗಲೇ ಅವರಿಗೆ ಯಾರೋ ಫೋನ್ ಮಾಡಿ, ಆಕ್ಸಿಡೆಂಟ್ ಅಂದ್ರು, ಆಮೇಲೆ ಓಡಿದ್ರು."

ಫೋನು ಇಟ್ಟೆ. ಮೂರು ದಿನದಲ್ಲಿ ಮೊದಲ ಬಾರಿಗೆ ಉಸಿರು ಸರಾಗವಾಗಿ ಆಡಿತು.

ನನ್ನ ಹಳೆಯ ಸ್ಕೂಟರಿನ ಬ್ರೇಕ್ ಎಣ್ಣೆ ಒಮ್ಮೆ ಮಡ್ಗಾರ್ಡಿನ ಮೇಲೆ ತೊಟ್ಟಿಕ್ಕಿತ್ತು. ಬಿದ್ದ ಕಡೆಯಲ್ಲೆಲ್ಲ ಬಣ್ಣ ಸುಟ್ಟ ಚರ್ಮದ ಹಾಗೆ ಗುಳ್ಳೆ ಎದ್ದಿತ್ತು. ಆ ಎಣ್ಣೆಯ ಮುಂದೆ ಯಾವ ಬಣ್ಣವೂ ನಿಲ್ಲುವುದಿಲ್ಲ.

"ಗುಳ್ಳೆ ಎದ್ದ ಜಾಗದಲ್ಲಿ ಪಸೆ ಇತ್ತಾ ಮೇಷ್ಟ್ರೇ?"

"ಇತ್ತು. ಎಣ್ಣೆ ಥರ. ಥಿನ್ನರಲ್ಲಿ ಚೆನ್ನಾಗಿ ಒರೆಸಿದೆ."

"ಅದು ನಿಮ್ಮ ಭಾವನ ಬ್ರೇಕು. ನೀವು ಒರೆಸಿ ಎಸೆದಿದ್ದು."

ಅವರ ಬಾಯಿ ತೆರೆದುಕೊಂಡಿತು. ಬೈಯಬೇಕೆಂದು ಎಷ್ಟೋ ಮಾತು ಸೇರಿಸಿಟ್ಟುಕೊಂಡಿದ್ದೆ. ಆ ಮುಖ ನೋಡಿ ಅವನ್ನೆಲ್ಲ ಬದಿಗಿಟ್ಟೆ.

"ಕೇಳಿ ಇಲ್ಲಿ" ಎಂದೆ, ಸ್ವಲ್ಪ ತಗ್ಗಿದ ದನಿಯಲ್ಲಿ. "ಇದು ನಿಮಗೇ ಒಳ್ಳೇದು. ಭಾನುವಾರ ಹಗಲೆಲ್ಲಾ ಬ್ರೇಕ್ ಸರಿಯಿತ್ತು. ಸೋಮವಾರ ಬೆಳಿಗ್ಗೆ ಎಣ್ಣೆ ಸೋರಿತ್ತು. ಮಧ್ಯೆ ಯಾರೋ ಬಿಚ್ಚಿದಾರೆ. ನೀವೇ ಬಿಚ್ಚಿದ್ದಿದ್ರೆ ಬಣ್ಣ ಕೆಟ್ಟದ್ದು ಅಂತ ಊರ ಮುಂದೆ ಜಗಳಕ್ಕೆ ಹೋಗ್ತಿರಲಿಲ್ಲ. ಅಂಗಡಿಯವನು ಸಾಕ್ಷಿ ಹೇಳ್ತಾನೆ, ಕೋಪದಲ್ಲೇ ಹೇಳ್ತಾನೆ. ಇನ್ನು ಒಂದೇ ಒಂದು ವಿಷಯ ಬೇಕು ನಂಗೆ. ಸೋಮವಾರ ಬೆಳಿಗ್ಗೆ ಆ ಚಕ್ರನೇ ಯಾಕೆ ಬಿಚ್ಚಿದ್ರಿ?"

"ಬಣ್ಣ ಎದ್ದಿತ್ತಲ್ಲ, ಅದಕ್ಕೆ."

"ಚಕ್ರ ಹಾಕಿದ್ದಾಗ ಕಾಣುತ್ತಾ ಅದು?"

"ಕಾಣಲ್ಲ. ಒಳಮಗ್ಗುಲಲ್ಲಿ ಇರೋದು."

"ಮತ್ತೆ ನಿಮಗೆ ಹೇಗೆ ಗೊತ್ತಾಯ್ತು?"

"ಅಕ್ಕ ಹೇಳಿದ್ಲು" ಎಂದರು ಸಲೀಸಾಗಿ. "ಕಾಫಿ ಕೊಡೋವಾಗ, ಹಿಂದಿನ ಎಡ ಚಕ್ರದಲ್ಲಿ ಒಳಗಡೆ ಬಣ್ಣ ಕಿತ್ತಿರಬಹುದು, ಬಿಚ್ಚಿ ನೋಡೋ ಅಂದ್ಲು. ನೋಡಿದ್ರೆ ಹೌದು. ಆಮೇಲೆ ಕೇಳಿದ್ಲು, ಬಣ್ಣ ಬಿಟ್ಟು ಬೇರೇನಾದ್ರೂ ಇದೆಯೇನೋ ಅಂತ. ಏನೂ ಇಲ್ಲ ಅಕ್ಕ, ಬರೀ ಬಣ್ಣ ಅಂದೆ."

ಪಂಡಿತನ ಪೆನ್ನು ನಿಂತಿತು. ಅಪರೂಪಕ್ಕೆ ಅವನಿಗೆ ಯಾವ ಅಭಿಪ್ರಾಯವೂ ಇರಲಿಲ್ಲ.

ಬೆಳಿಗ್ಗೆ ಚಕ್ರವಿಲ್ಲದ ಕಾರಿನಡಿ ಟಾರ್ಚ್ ಹಿಡಿದು ಮಲಗಿದ್ದ ನನಗೇ ಆ ಬಿರುಕು ಸುಲಭವಾಗಿ ಸಿಕ್ಕಿರಲಿಲ್ಲ. ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದ ಹೆಂಗಸಿಗೆ ಅದು ಹೇಗೆ ಸಿಕ್ಕಿತು? ಇದನ್ನು ನಾನು ಬಾಯಿಬಿಟ್ಟು ಕೇಳಲಿಲ್ಲ. ಕೇಳುವ ಅಗತ್ಯವೂ ಬರಲಿಲ್ಲ. ಮೇಷ್ಟ್ರು ನನ್ನ ಮುಖ ನೋಡಿದರು, ಪಂಡಿತನ ನಿಂತ ಪೆನ್ನು ನೋಡಿದರು, ಬಾಗಿಲ ಕಡೆ ನೋಡಿದರು. ಬಣ್ಣದ ವಿಷಯ ಬ್ರೇಕಿನ ವಿಷಯವಾದದ್ದು ಅವರಿಗೆ ಆಗ ಹೊಳೆಯಿತು.

"ಇಲ್ಲ" ಎಂದರು. "ಅಕ್ಕ ಹೇಳಲಿಲ್ಲ. ಸುಳ್ಳು ಹೇಳ್ದೆ. ನಾನೇ ಬಿಚ್ಚಿದ್ದು."

"ಮೇಷ್ಟ್ರೇ."

"ಬರ್ಕೊಳ್ಳಿ ಮೇಡಂ. ರೂಮು ಖಾಲಿ ಮಾಡು ಅಂದ್ರು, ಕೋಪ ಬಂತು, ಸಡಿಲ ಮಾಡ್ದೆ. ಅಂಗಡಿಗೆ ಹೋಗಿದ್ದು ನಾಟಕ."

ಮೈಯೆಲ್ಲ ಉರಿದುಹೋಯಿತು. ಇಷ್ಟು ಹೊತ್ತು ಹೊಂಡದಿಂದ ಎಳೆದು ದಡಕ್ಕೆ ತಂದ ಮನುಷ್ಯ ನನ್ನ ಕೈ ಕೊಡವಿಕೊಂಡು ಮತ್ತೆ ಅದರೊಳಗೇ ಇಳಿಯುತ್ತಿದ್ದ. "ನಿಮಗೆ ನಾಟಕ ಬರುತ್ತಾ? ಬ್ರಷ್ ಕೆಳಗಿಡಿ ಅಂದ್ರೆ ಗೆರೆ ಮುಗಿಸಿ ಇಡೋ ಮನುಷ್ಯ ನೀವು. ನಿಮ್ಮ ಕೈಲಿ ಒಂದು ಸುಳ್ಳು ನೆಟ್ಟಗೆ ಹೇಳೋಕೆ ಆಗಲ್ಲ."

"ನಾನೇ ಬಿಚ್ಚಿದ್ದು" ಎಂದರು ಮತ್ತೆ, ಪಾಠ ಒಪ್ಪಿಸುವವರ ಹಾಗೆ.

"ಸರಿ. ಯಾವುದರಿಂದ ಬಿಚ್ಚಿದ್ರಿ?"

ಅವರು ತಡವರಿಸಿದರು. ಬಣ್ಣ ಮೆತ್ತಿದ ಬೆರಳುಗಳನ್ನು ಒಂದಕ್ಕೊಂದು ಉಜ್ಜಿಕೊಂಡರು. "ಇಕ್ಕಳದಿಂದ."

ಇಕ್ಕಳ ಹಾಕಿದ್ದರೆ ಆ ಪುಟ್ಟ ನಿಪ್ಪಲ್ಲಿನ ಮೂಲೆಗಳು ಕಚ್ಚುಕಚ್ಚಾಗಿರುತ್ತಿದ್ದವು. ಒಂದು ಗೀರೂ ಇರಲಿಲ್ಲ. ಅದನ್ನೇ ಹೇಳಬೇಕೆಂದು ಬಾಯಿ ತೆರೆದೆ.

"ಇಕ್ಕಳ ಅಲ್ಲ ಕಣೋ. ಸ್ಪ್ಯಾನರ್."

ಬಾಗಿಲಲ್ಲಿ ಅವರ ಅಕ್ಕ ನಿಂತಿದ್ದರು. ಕೈಯಲ್ಲಿ ತಮ್ಮನ ಊಟದ ಡಬ್ಬಿ. ಎಷ್ಟು ಹೊತ್ತಿನಿಂದ ನಿಂತಿದ್ದರೋ ಗೊತ್ತಿಲ್ಲ. ಒಳಗೆ ಬಂದು ಡಬ್ಬಿಯನ್ನು ಅವರ ಮುಂದಿಟ್ಟು, ಮುಚ್ಚಳ ತೆಗೆದು, "ಮೊದಲು ಕೈ ತೊಳ್ಕೊಂಡು ಬಾ" ಎಂದರು. ಅವರು ಏಳಲಿಲ್ಲ.

"ನಿಮಗೆ ಹೇಗೆ ಗೊತ್ತು ಸ್ಪ್ಯಾನರ್ ಅಂತ?" ಎಂದು ಕೇಳಿದೆ.

"ನನ್ನ ಗಂಡನ ಕೈಯಲ್ಲಿ ನೋಡ್ದೆ. ಭಾನುವಾರ ಸಾಯಂಕಾಲ, ಅಡುಗೆಮನೆ ಕಿಟಕಿಯಿಂದ. ಆ ಚಕ್ರ ಬಿಚ್ಚಿಟ್ಕೊಂಡು ಕೂತಿದ್ರು. ಸೋಮವಾರ ಬೆಳಿಗ್ಗೆ ಆ ಕಾರು ತಗೊಂಡು ಹೋಗೋಳು ನಾನು ಮೇಡಂ. ಪ್ರತಿ ಸೋಮವಾರ."

ಮೇಷ್ಟ್ರು ಅಕ್ಕನ ಸೆರಗು ಹಿಡಿದು ಜಗ್ಗಿದರು. "ಸುಮ್ನಿರೇ ಅಕ್ಕ. ನಾನು ಹೇಳ್ಕೊಂಡಾಗಿದೆ."

ಅಕ್ಕ ಸೆರಗು ಬಿಡಿಸಿಕೊಳ್ಳಲಿಲ್ಲ.

"ಗೊತ್ತಿದ್ದೂ ಅವರೇ ಯಾಕೆ ಆ ಕಾರು ಹತ್ತಿದ್ರು?" ಎಂದೆ.

"ನಂಗೆ ತಲೆನೋವು, ಇವತ್ತು ನೀವೇ ತಗೊಂಡು ಹೋಗಿ ಅಂದೆ. ಇವನು ಬೆಳಿಗ್ಗೆ ಚಕ್ರ ಬಿಚ್ಚಿಕೊಂಡು ಕೂತಿದ್ದನ್ನ ಬಾಲ್ಕನಿಯಿಂದ ಅವರು ನೋಡಿದ್ರು. ಕಂಡುಹಿಡಿದು ಬಿಗಿ ಮಾಡಿಬಿಟ್ಟ ಅಂದ್ಕೊಂಡಿರಬೇಕು. ಎಲ್ಲಾ ಸರಿ ಮಾಡಿದ್ನಾ ನಿನ್ನ ತಮ್ಮ ಅಂತ ನನ್ನ ಮುಖ ನೋಡಿ ಕೇಳಿದ್ರು." ಅವರ ದನಿ ಅಲ್ಲಿಯ ತನಕ ಗಟ್ಟಿಯಾಗಿತ್ತು. "ಬರೀ ಬಣ್ಣ ಹಚ್ಚಿದಾನೆ ಅಂತ ನಂಗೆ ಗೊತ್ತಿತ್ತು. ಹೂಂ ಅಂದೆ."

ಹೊರಗೆ ಜೀಪು ಬಂದು ನಿಂತ ಸದ್ದಾಯಿತು. ಹೇಳಿದ ಮಾತಿನಂತೆ ಸಾಹೇಬರೇ ಬಂದಿದ್ದರು. ಕಾವಲಿನ ಪೇದೆ ಸೆಲ್ಯೂಟ್ ಹೊಡೆದದ್ದು ಕೇಳಿಸಿತು.

ಪಂಡಿತ ಅರೆಸ್ಟಿನ ಖಾಲಿ ಕಾಗದವನ್ನು ನನ್ನ ಕಡೆ ತಿರುಗಿಸಿದ.

"ಮೇಡಂ" ಎಂದ ಮೆಲ್ಲಗೆ, "ಈಗ ಯಾರನ್ನ ಅಂತ ಬರೀಲಿ?"